ಗೇರು ಅಕ್ಕನದು, ಕ್ಲಚ್ಚು ಭಾವನದು

ನಮ್ಮ ಲಾಂಡ್ರಿಯ ವ್ಯಾನು ಓಡಿಸುವವರು ಯಾರು ಎಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಭಾವನ ಕಡೆ ಕೈ ತೋರಿಸುತ್ತಿದ್ದರು. ಭಾವನನ್ನೇ ಕೇಳಿದರೆ ಅವರೂ ಎದೆ ಮುಟ್ಟಿಕೊಳ್ಳುತ್ತಿದ್ದರು. ಅಕ್ಕನನ್ನು ಯಾರೂ ಕೇಳಲಿಲ್ಲ. ನನ್ನನ್ನಂತೂ ಕೇಳುವ ಮಾತೇ ಇಲ್ಲ, ನಾನು ಅಕ್ಕನ ತಂಗಿ, ಇಸ್ತ್ರಿ ಮೇಜಿನ ಹಿಂದೆ ನಿಂತು ಬಾಗಿಲಾಚೆ ನೋಡುವವಳು. ಕೇಳಿದ್ದರೆ ನಿಜ ಹೇಳುತ್ತಿದ್ದೆ. ಆ ವ್ಯಾನಿಗೆ ಇದ್ದದ್ದು ಇಬ್ಬರು ಅರೆ ಡ್ರೈವರುಗಳು. ಕಾಲು, ಬಾಯಿ, ಗತ್ತು ಭಾವನದು. ಗೇರು ಅಕ್ಕನದು.

ಮೊದಲು ಆ ಗಾಡಿಯ ಗುಣ ಹೇಳಿಬಿಡುತ್ತೇನೆ. ಭಾವ ಅದನ್ನು ಕೊಳ್ಳುವ ಹೊತ್ತಿಗೇ ಅದು ಮೂರ್ನಾಲ್ಕು ಯಜಮಾನರನ್ನು ಸುಸ್ತು ಹೊಡೆಸಿ ಬಂದಿತ್ತು. ಗೇರಿನ ಕೋಲು ಈಗಿನ ಗಾಡಿಗಳ ಹಾಗೆ ನೆಲದಿಂದ ಎದ್ದಿರಲಿಲ್ಲ. ಸ್ಟೀರಿಂಗಿನ ಕುತ್ತಿಗೆಯಿಂದ ಎಡಕ್ಕೆ ಚಾಚಿಕೊಂಡಿತ್ತು. ಮುಂದಕ್ಕೆ ಹೋಗಲು ಮೂರೇ ಗೇರು, ಮೂರಕ್ಕೂ ಬೇರೆ ಬೇರೆ ಬುದ್ಧಿ. ಒಂದನೆಯದು ಗಾಡಿ ಪೂರ್ತಿ ನಿಂತ ಮೇಲಷ್ಟೇ ಬೀಳಬೇಕು. ಚಕ್ರ ಒಂಚೂರು ಉರುಳುತ್ತಿದ್ದರೂ ಕರಕರ ಎಂದು ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತಿತ್ತು. ಎರಡರಿಂದ ಮೂರಕ್ಕೆ ಹೋಗುವಾಗ ನಡುವೆ ನ್ಯೂಟ್ರಲ್ಲಿನಲ್ಲಿ ಒಂದು ಉಸಿರಿನಷ್ಟು ನಿಲ್ಲಬೇಕು. ಅವಸರ ಮಾಡಿದರೆ ಮುನಿಸು. ಮೂರನೆಯದು ಇಳಿಜಾರಿನಲ್ಲಿ ತಾನಾಗಿ ಹಾರಿ ಹೊರಗೆ ಬರುತ್ತಿತ್ತು, ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ಒಂದರಿಂದ ಎರಡಕ್ಕೆ ಕೈ ಸ್ವಲ್ಪ ಓರೆಯಾಗಿ ಹೋಯಿತೋ, ಬಾನೆಟ್ಟಿನೊಳಗಿನ ಎರಡು ಸರಳುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಕೋಲು ಅಲ್ಲಾಡುತ್ತಲೇ ಇರಲಿಲ್ಲ. ಆಗ ಕೆಳಗಿಳಿದು, ಬಾನೆಟ್ ಎತ್ತಿ, ಸರಳುಗಳನ್ನು ಕೈಯಿಂದ ಬಿಡಿಸಿ ಬರಬೇಕು. ರಿವರ್ಸ್ ಹಾಕುವುದಂತೂ ಬಾವಿಯಿಂದ ನೀರು ಸೇದಿದ ಹಾಗೆ. ಎಳೆ, ಎತ್ತು, ಇನ್ನಷ್ಟು ಎತ್ತು.

ಮದುವೆಯಾದ ಹೊಸದರಲ್ಲಿ ಭಾವ ಅಂಗಡಿಯ ಬೋರ್ಡು ನೆಟ್ಟಗೆ ಮಾಡುತ್ತೇನೆಂದು ಏಣಿ ಹತ್ತಿ, ಬಿದ್ದು, ಎಡಗೈ ಮುರಿದುಕೊಂಡರು. ಬೋರ್ಡು ಇವತ್ತಿಗೂ ಸೊಟ್ಟಗೇ ಇದೆ. ಆಸ್ಪತ್ರೆಯವರಿಗೆ, ಲಾಡ್ಜಿನವರಿಗೆ ಬೆಳಿಗ್ಗೆ ಒಗೆದ ಚಾದರ ಬೇಕು, ಡ್ರೈವರಿನ ಮೂಳೆಯ ಕಥೆ ಬೇಡ. ಅದಕ್ಕೆ ಅಕ್ಕ ಪಕ್ಕದಲ್ಲಿ ಕೂತು, ಭಾವ ಹೇಳಿದಾಗೆಲ್ಲ ಬಲಗೈಯಿಂದ ಗೇರು ಹಾಕತೊಡಗಿದಳು. ಕೈ ಕೂಡಿಕೊಳ್ಳುವ ತನಕ ಅಷ್ಟೇ ಎಂಬ ಮಾತಾಗಿತ್ತು. ಕೈ ಕೂಡಿಕೊಂಡಿತು, ಪಟ್ಟಿ ಬಿಚ್ಚಿದರು. ಆಮೇಲೂ ಭಾವ, "ಮೊಣಕೈ ಹಿಡಿಯುತ್ತೆ ಕಣೇ" ಎಂದರು. ಅದು ಹಿಡಿದೇ ಹಿಡಿಯಿತು, ನಮ್ಮೆಲ್ಲರ ತಲೆ ನೆರೆಯುವ ತನಕ. ಅದೇ ಮೊಣಕೈಯಿಂದ ಅವರು ಒದ್ದೆ ಚಾದರದ ಗಂಟು ಎತ್ತಿ ಎಸೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನೆಯಲ್ಲಿ ಇವರದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸಂಸಾರ. ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬಲ್ಲೂ ಒಮ್ಮತವಿಲ್ಲ. ವ್ಯಾನು ಹತ್ತಿದರೆ ಮಾತ್ರ ಬೇರೆಯೇ ಜನ. ಕೆಲವೇ ದಿನಗಳಲ್ಲಿ ಹೇಳುವುದೂ ನಿಂತಿತು, ಕೇಳುವುದೂ ನಿಂತಿತು. ಅವರು ಕ್ಲಚ್ ಒತ್ತುತ್ತಿದ್ದರು, ಇಂಜಿನ್ನಿನ ಸದ್ದು ಇಳಿದದ್ದೇ ಇವಳ ಕೈ ಹೋಗುತ್ತಿತ್ತು, ಅವರ ಕಾಲು ಮೇಲೆ ಬರುತ್ತಿತ್ತು. ಹಿಂದೆ ಬಟ್ಟೆಯ ಗಂಟುಗಳ ನಡುವೆ ಕೂತ ನನಗೆ ಗೇರು ಬದಲಾದದ್ದೇ ತಿಳಿಯುತ್ತಿರಲಿಲ್ಲ.

ಆದರೆ ಗೇರು ಯಾರ ಕೈಯಲ್ಲಿರುತ್ತದೋ ಜುಟ್ಟೂ ಅವರ ಕೈಯಲ್ಲೇ ಇರುತ್ತದೆ. ದಾರಿಯಲ್ಲಿ ಗುಂಡಿ ದಾರ ಮಾರುವ ಅಂಗಡಿ ಬಂದರೆ ಅಕ್ಕ ಮೆತ್ತಗೆ ನ್ಯೂಟ್ರಲ್ಲಿಗೆ ತಂದು ಕೈ ಕಟ್ಟಿ ಕೂರುತ್ತಿದ್ದಳು. ವ್ಯಾನು ಉಸಿರು ಬಿಡುತ್ತಾ ಅಂಗಡಿಯ ಮುಂದೆ ಬಂದು ನಿಲ್ಲುತ್ತಿತ್ತು.

"ಏನೇ ಇದು?" ಎನ್ನುತ್ತಿದ್ದರು ಭಾವ.

"ಗಾಡಿಗೆ ದಣಿವಾಗಿದೆ ಕಣ್ರೀ. ಅದು ಸುಧಾರಿಸ್ಕೊಳ್ಳೋದ್ರಲ್ಲಿ ನಾನು ಗುಂಡಿ ತಗೊಂಡು ಬರ್ತೀನಿ."

ಒಮ್ಮೆ ಭಾವ ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಗತ್ತಿನಲ್ಲಿ, "ಗಾಡಿ ಓಡಿಸೋದು ಅಂದ್ರೆ ಹುಡುಗಾಟ ಅಲ್ಲ. ಇವಳಿಗೇನು, ಪಕ್ಕದಲ್ಲಿ ಕೂತು ಗಾಳಿ ತಗೋತಾಳೆ" ಅಂದರು. ಮಾರನೆಯ ದಿನ ಅಕ್ಕ ಇಡೀ ಸುತ್ತಿನಲ್ಲಿ ಮೂರನೇ ಗೇರು ಕೊಡಲಿಲ್ಲ. ಭಾವ ಕ್ಲಚ್ ಒತ್ತಿದರು, ಒತ್ತಿದರು, ಅಕ್ಕ ಕಿಟಕಿಯಾಚೆ ನೋಡುತ್ತಾ ಗಾಳಿ ತಗೊಂಡಳು. ಎರಡನೇ ಗೇರಿನಲ್ಲೇ ವ್ಯಾನು ಅರಚಿಕೊಂಡು ಹೋದದ್ದು ಹೇಗಿತ್ತೆಂದರೆ, ಆಸ್ಪತ್ರೆಯ ಕಾವಲುಗಾರ ಯಾರಿಗೋ ಜೀವ ಹೋಗುವಷ್ಟು ತುರ್ತು ಎಂದುಕೊಂಡು ಓಡಿ ಬಂದು ದೊಡ್ಡ ಗೇಟು ತೆರೆದನಂತೆ.

ಇನ್ನೊಮ್ಮೆ ಅಕ್ಕನಿಗೆ ಜ್ವರ. ಭಾವ, "ನಾನೊಬ್ನೇ ಹೋಗಿ ಬರ್ತೀನಿ, ಅದೇನು ಮಹಾ" ಎಂದು ಹೊರಟರು. ಬೀದಿ ದಾಟುವುದರಲ್ಲೇ ಅಂಗಡಿಯವರೆಲ್ಲ ಹೊರಗೆ ಬಂದು ನೋಡುವಷ್ಟು ಕರಕರ. ಆಸ್ಪತ್ರೆಯ ಏರಿನಲ್ಲಿ ಗಾಡಿಗೆ ಶಕ್ತಿ ಸಾಲದೆ ಭಾವ ಕ್ಲಚ್ ಒತ್ತಿದರು. ಒತ್ತಿ, ಕಾದರು. ಗೇರು ಬರಲಿಲ್ಲ. "ಹಾಕೇ!" ಎಂದು ಖಾಲಿ ಸೀಟಿಗೆ ಹೇಳಿದರು. ಅಷ್ಟರಲ್ಲಿ ವ್ಯಾನು ತನ್ನ ಪಾಡಿಗೆ ತಾನು ಹಿಂದಕ್ಕೆ ಹೊರಟಿತ್ತು. ಬ್ರೇಕಿನ ನೆನಪಾಗುವ ಹೊತ್ತಿಗೆ ಹಿಂದಿನ ಬಾಗಿಲು ಬೇಲಿಯೊಳಗೆ ಹೊಕ್ಕಾಗಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗೆ ಮನೆಗೆ ಬಂದು, "ಆ ಬೇಲಿಯನ್ನ ರಸ್ತೆಗೆ ತಂದು ಹಾಕಿದ್ದಾರೆ, ಬುದ್ಧಿ ಇಲ್ಲದೋರು" ಎಂದರು. ಈ ಖಾಲಿ ಸೀಟಿನ ಕಥೆ ಹೊರಬಿದ್ದದ್ದು ಕಾವಲುಗಾರನಿಂದ.

ಹೀಗೇ ವರ್ಷಗಳು ಉರುಳಿದವು. ಆಮೇಲೆ ಭಾವನ ಕಣ್ಣು ಕೈಕೊಟ್ಟಿತು. ಅದು ಆಪರೇಷನ್ನಿಗೆ ಬಗ್ಗುವುದಲ್ಲ, ಒಳಗಿನ ನರದ ತೊಂದರೆ, ಇನ್ನು ಗಾಡಿ ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿದರು. ಲೈಸೆನ್ಸಿನ ಅವಧಿಯೂ ಅದೇ ಹೊತ್ತಿಗೆ ಮುಗಿದಿತ್ತು, ಹೊಸದು ಸಿಗುವ ಹಾಗಿರಲಿಲ್ಲ. ಭಾವ ಒಂದು ವಾರ ಮೂಲೆ ಹಿಡಿದು ಕೂತು, ಎದ್ದು, ತೀರ್ಮಾನ ಹೇಳಿದರು. ವ್ಯಾನನ್ನು ಗುಜರಿಗೆ ಕೊಡುವುದು. ಚಾದರ ತಲುಪಿಸುವ ಕೆಲಸವನ್ನು ಹೊಸ ಗಾಡಿ ಇರುವ ಯಾರಿಗಾದರೂ ಒಪ್ಪಿಸುವುದು. ಅಕ್ಕ ಇನ್ನು ಒಳಗೆ ಬಾಯ್ಲರ್ ನೋಡಿಕೊಂಡರೆ ಸಾಕು.

ಅಕ್ಕನ ಮುಖ ನಾನು ನೋಡಿದೆ. ಬೆಳಗಿನ ಆ ಸುತ್ತು ಬಿಟ್ಟರೆ ಅವಳಿಗೆ ಹೊರಗಿನ ಗಾಳಿಯೇ ಇಲ್ಲ. ಒಗೆಯುವ ಕೋಣೆಗೆ ಕಿಟಕಿಯಿಲ್ಲ, ಗೋಡೆಯಿಂದ ನೀರು ಇಳಿಯುತ್ತದೆ, ಸೋಡಾದ ಘಾಟಿಗೆ ಮೂಗು ಉರಿಯುತ್ತದೆ. ಹೊರಗೆ ಹೋದರೆ ಲಾಡ್ಜಿನ ಗುಮಾಸ್ತ ಅವಳಿಗೆ ತನ್ನ ಮಗಳ ಗಂಡಿನ ವಿಷಯ ಹೇಳುತ್ತಾನೆ, ಆಸ್ಪತ್ರೆಯ ನರ್ಸುಗಳು ಅವಳು ಬಂದರೆ ಕೆಲಸ ಬಿಟ್ಟು ನಗುತ್ತಾ ಬರುತ್ತಾರೆ. ಅವಳು ಬದುಕಿದ್ದದ್ದು ಆ ಎರಡು ಗಂಟೆ.

"ಆ ಗಾಡಿ ಹೋದ್ರೆ ಬಾಯ್ಲರ್ ಪಕ್ಕ ನಾನೂ ಇನ್ನೊಂದು ಬಾಯ್ಲರ್ ಆಗ್ತೀನಿ. ಆಗಲ್ಲ. ನಾನು ಲೈಸೆನ್ಸ್ ತಗೋತೀನಿ" ಎಂದಳು.

"ನಿಂಗೆಲ್ಲಿ ಗಾಡಿ ಓಡ್ಸೋಕೆ ಬರುತ್ತೆ? ಗೇರ್ ಹಾಕೋಕೆ ಬರುತ್ತೆ, ಅಷ್ಟೇ."

"ನಿಮಗೆ ಗೇರ್ ಹಾಕೋಕೆ ಬರಲ್ಲ. ಓಡ್ಸೋಕೆ ಬರುತ್ತೆ, ಅಷ್ಟೇ."

ಮುಂದಿನ ತಿಂಗಳ ಕೊನೆಗೆ ಗುಜರಿಯವನು ಬರುವವನಿದ್ದ. ಅದರೊಳಗೆ ಲೈಸೆನ್ಸ್ ಬಂದರೆ ವ್ಯಾನು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅಕ್ಕ ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

ಅಲ್ಲಿನ ಮಾಸ್ಟರು ಪಾಪ, ತಾಳ್ಮೆಯ ಮನುಷ್ಯ. ಸ್ಕೂಲಿನ ಕಾರಿನಲ್ಲಿ ಗೇರು ನೆಲದಲ್ಲಿತ್ತು. ಸ್ಟೀರಿಂಗಿನ ಎಡಕ್ಕೆ ಇದ್ದದ್ದು ವೈಪರಿನ ಕಡ್ಡಿ. ಗೇರು ಬದಲಿಸಬೇಕಾದಾಗೆಲ್ಲ ಅಕ್ಕನ ಕೈ ಅಲ್ಲಿಗೇ ಹೋಗುತ್ತಿತ್ತು. ಸುಡು ಬಿಸಿಲಿನಲ್ಲಿ ವೈಪರು ಟಪ್ ಟಪ್ ಎಂದು ಗಾಜು ಒರೆಸುತ್ತಿತ್ತು. "ಮಳೆ ಬರ್ತಿದೆಯೇನಮ್ಮಾ?" ಎಂದು ಮಾಸ್ಟರು ಕೇಳುತ್ತಿದ್ದರಂತೆ. ಅದಾದರೂ ಸರಿಹೋಯಿತು. ಸರಿಹೋಗದ್ದು ಕ್ಲಚ್ಚು. ಅಕ್ಕನ ಲೆಕ್ಕದಲ್ಲಿ ಕ್ಲಚ್ ಎನ್ನುವುದು ಗಂಡನ ಕಾಲು. ಅದನ್ನು ಬೇರೆ ಯಾರೋ ಒತ್ತುತ್ತಾರೆ, ತಾನು ಕೈ ಆಡಿಸಿದರೆ ಆಯಿತು. ಅವಳು ಹಾಯಾಗಿ ಕೂತು ಗೇರು ಎಳೆದರೆ ಕಾರು ಕಿರುಚಿಕೊಳ್ಳುತ್ತಿತ್ತು, ಮಾಸ್ಟರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಮೊದಲನೇ ಪರೀಕ್ಷೆಯಲ್ಲಿ ಫೇಲಾಗಿ ಬಂದಳು. ಸುಣ್ಣದ ಗೆರೆಯ ಮೇಲೆ ಕಾರು ನಾಲ್ಕು ಸಲ ಕೆಮ್ಮಿ ನಿಂತಿತಂತೆ. "ಆ ಕಾರೇ ಸರಿಯಿಲ್ಲ" ಎಂದಳು.

"ಕುಣಿಯಲಾರದವಳಿಗೆ ನೆಲ ಡೊಂಕು" ಎಂದರು ಭಾವ.

ನನ್ನ ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆಯಿತ್ತು. ದೇವರು ದೊಡ್ಡವನು, ಕೆಳಗಿಟ್ಟೆ.

ಅವತ್ತು ಸಂಜೆ ಅಕ್ಕ ಅಂಗಡಿ ಬಾಗಿಲು ಎಳೆದು ನನ್ನನ್ನು ಕೂರಿಸಿಕೊಂಡಳು. ಇನ್ನೊಂದು ಅವಕಾಶವಿದೆ, ಈ ಸಲ ನಮ್ಮ ವ್ಯಾನಿನಲ್ಲೇ ಪರೀಕ್ಷೆ ಕೊಡುತ್ತೇನೆ, ಅದಾದರೆ ನನ್ನ ಮಾತು ಕೇಳುತ್ತದೆ ಎಂದಳು. ಇಸ್ತ್ರಿ ಮೇಜಿನ ಮುಂದೆ ಬೆಂಚು ಹಾಕಿ, ಸ್ಟೀರಿಂಗಿಗೆ ಒಂದು ಪಾತ್ರೆ ಮುಚ್ಚಳ, ಎಡಗೈಗೆ ಒಂದು ಸೌಟು, ಕ್ಲಚ್ಚಿಗೆ ಒಂದು ಹಳೇ ಇಟ್ಟಿಗೆ ಇಟ್ಟುಕೊಂಡಳು. ಅವಳು ಗೇರು ಬದಲಿಸುವುದು ಕಿವಿಯಿಂದ, ಆದ್ದರಿಂದ ಇಂಜಿನ್ ಬೇಕು. ಇಂಜಿನ್ ನಾನಾದೆ. ಈ ವಯಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು, ಮೇಜಿನಡಿ ಕೂತು "ಡುರ್‌ರ್‌ರ್" ಎಂದು ಸದ್ದು ಏರಿಸಿದೆ, ಇಳಿಸಿದೆ. ಅವಳು ಕಾಲು ಮರೆತರೆ ಕರಕರ ಎನ್ನುವುದೂ ನನ್ನದೇ ಕೆಲಸ. ಗಂಟಲು ಕಟ್ಟಿತು. ಭಾವ ಗಲ್ಲಾದ ಹಿಂದೆ ಕೂತು ಗೋಡೆ ನೋಡುತ್ತಿದ್ದರು.

ಮೂರನೆಯ ಸಂಜೆ ಅವರಿಗೆ ತಡೆಯಲಾಗಲಿಲ್ಲ. "ಕಾಲು ಪೂರ್ತಿ ಒತ್ತು. ಅರ್ಧ ಒತ್ತಿದ್ರೆ ಅದು ನಂಬಲ್ಲ" ಎಂದರು, ಗೋಡೆಗೆ. ಅಕ್ಕ ಪೂರ್ತಿ ಒತ್ತಿದಳು. "ಬಿಡುವಾಗ ನಿಧಾನ. ಮಲಗಿರೋ ಮಗು ಮೇಲಿಂದ ಕೈ ತೆಗೆಯೋ ಹಾಗೆ." ಆಮೇಲೆ ಎದ್ದು ಬಂದು ಬೆಂಚಿನ ತುದಿಯಲ್ಲಿ ಕೂತರು. ತಮ್ಮ ಕಾಲಿನ ವಿದ್ಯೆಯನ್ನೆಲ್ಲ ಆ ಇಟ್ಟಿಗೆಯ ಮೇಲೆ ಹೇಳಿಕೊಟ್ಟರು. ಅಕ್ಕ ಒಳಗೆ ಹೋದಾಗ ನನಗೆ ಮಾತ್ರ ಕೇಳುವ ಹಾಗೆ, "ಅವಳು ಒಬ್ಳೇ ಓಡಿಸೋದು ಕಲ್ತ್ರೆ ಇನ್ನು ನಾನ್ಯಾಕಮ್ಮ ಇರೋದು?" ಎಂದರು. ನನಗೆ ಅವರ ಮೇಲೆ ಕನಿಕರ ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ತೋರಿಸಿಕೊಳ್ಳಲಿಲ್ಲ. ಮಾಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕ ಖಾಲಿ ಮೈದಾನದಲ್ಲಿ ವ್ಯಾನು ಓಡಿಸಿ ಅಭ್ಯಾಸ ಮಾಡಿದಳು. ಮಾಸ್ಟರು ಇಳಿದಾಗ ಬೆವರಿದ್ದರು, ಆದರೆ ಕಿವಿ ಮುಚ್ಚಿಕೊಂಡಿರಲಿಲ್ಲ.

ಪರೀಕ್ಷೆಯ ದಿನ ಮೈದಾನದ ಹಗ್ಗದಾಚೆ ನಾನು, ಭಾವ, ಮಾಸ್ಟರು, ಸರದಿ ಕಾಯುವ ಜನ. ಭಾವನ ಗುರುತಿನ ಡ್ರೈವರುಗಳೂ ಇದ್ದರು. ಇನ್‌ಸ್ಪೆಕ್ಟರು ದೊಡ್ಡ ಆಳು, ಮುಖದಲ್ಲಿ ನಗುವಿನ ಗಂಧವಿಲ್ಲ. ಅವರು ಎಡಗಡೆ ಹತ್ತಿ ಕೂತಾಗ ವ್ಯಾನು ಆ ಕಡೆಗೇ ವಾಲಿತು. ಅಕ್ಕ ಹೊರಟಳು. ಒಂದು, ಎರಡು, ಒಂದು ಉಸಿರು, ಮೂರು. ಬಾವಿ ಸೇದಿದ ಹಾಗೆ ರಿವರ್ಸು. ಸಣ್ಣ ದಿಬ್ಬದ ಮೇಲೆ ನಿಲ್ಲಿಸಿ, ಕೂದಲೆಳೆಯಷ್ಟೂ ಹಿಂದೆ ಸರಿಯದೆ ಮುಂದಕ್ಕೆ ಎತ್ತಿದಳು. ಭಾವನ ಎಡಗಾಲು ನನ್ನ ಪಕ್ಕದಲ್ಲಿ ಮಣ್ಣು ಒತ್ತುತ್ತಿತ್ತು.

ಕೊನೆಯ ತಿರುವಿನಲ್ಲಿ ಕೋಲು ಸಿಕ್ಕಿಹಾಕಿಕೊಂಡಿತು. ಅಕ್ಕ ಹ್ಯಾಂಡ್‌ಬ್ರೇಕ್ ಎಳೆದು ಇಳಿದಳು, ಬಾನೆಟ್ ಎತ್ತಿದಳು, ಕೈ ಹಾಕಿ ಸರಳು ಬಿಡಿಸಿದಳು, ಬಾನೆಟ್ ಮುಚ್ಚಿದಳು, ಕೈ ಒರೆಸಿಕೊಂಡು ಹತ್ತಿ ಕೂತು ಉಳಿದ ತಿರುವು ಮುಗಿಸಿ ನಮ್ಮ ಮುಂದೆ ತಂದು ನಿಲ್ಲಿಸಿದಳು. ನಾನು ಚಪ್ಪಾಳೆ ತಟ್ಟಿದೆ. ಅದೇ ತಪ್ಪಾಯಿತೋ ಏನೋ, ಇನ್‌ಸ್ಪೆಕ್ಟರು ಇಳಿದು ಹುಬ್ಬು ಗಂಟಿಕ್ಕಿದರು.

"ಎಷ್ಟು ವರ್ಷದಿಂದ ಲೈಸೆನ್ಸ್ ಇಲ್ದೆ ಓಡಿಸ್ತಿದ್ದೀರಮ್ಮಾ?"

"ನಾನು ಓಡಿಸಿಲ್ಲ ಸಾರ್."

"ಹೊಸದಾಗಿ ಕಲಿಯೋರು ಈ ಕೋಲು ಮುಟ್ಟಿದ್ರೆ ಅತ್ತುಬಿಡ್ತಾರೆ. ನಿಮ್ಮದು ಇವತ್ತು ನಿನ್ನೆ ಪಳಗಿದ ಕೈ ಅಲ್ಲ."

"ಗೇರ್ ಹಾಕಿದ್ದೀನಿ ಸಾರ್, ಮದುವೆ ಆದಾಗಿಂದ. ಓಡಿಸಿಲ್ಲ."

"ಓಡಿಸದೆ ಗೇರ್ ಹಾಕಿದ್ದೀರಾ?"

"ಹೂಂ ಸಾರ್."

ಹಗ್ಗದಾಚೆಯ ಜನ ನಕ್ಕರು. ಇನ್‌ಸ್ಪೆಕ್ಟರಿಗೆ ಇವಳು ತಮ್ಮನ್ನು ಗೇಲಿ ಮಾಡುತ್ತಿದ್ದಾಳೆ ಎನ್ನಿಸಿತು. ಪೆನ್ನಿನ ಮುಚ್ಚಳ ಹಾಕಿದರು. ಕಾನೂನು ಮುರಿದವರಿಗೆ ಲೈಸೆನ್ಸ್ ಕೊಡುವುದಿಲ್ಲ, ಕೇಸು ಬರೆಯುತ್ತೇನೆ, ವ್ಯಾನು ಇಲ್ಲೇ ಇರಲಿ ಎಂದರು. ಅಕ್ಕ ಭಾವನ ಕಡೆ ನೋಡಲೂ ಇಲ್ಲ. ಭಾವ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಎಡಕ್ಕೆ ಅವರ ಡ್ರೈವರು ಸ್ನೇಹಿತರು, ಬಲಕ್ಕೆ ನಾನು. ನಾನು ತೋಳಿಗೆ ಜೋರಾಗಿ ಚಿವುಟಿದೆ. ಆಮೇಲೆ ನೋಡಿದರೆ, ಚಿವುಟುವ ಮುಂಚೆಯೇ ಅವರು ಹಗ್ಗದಡಿ ಬಗ್ಗಿ ಆಗಿತ್ತು.

"ಸಾರ್, ನನಗೆ ಗೇರ್ ಹಾಕೋಕೆ ಬರಲ್ಲ" ಎಂದರು.

"ನೀವ್ಯಾರ್ರೀ?"

"ಇವಳ ಗಂಡ. ಈ ವ್ಯಾನಿನ ಡ್ರೈವರ್. ಅಂದ್ರೆ... ಕ್ಲಚ್ಚು ನಾನು, ಗೇರು ಇವಳು. ಯಾವತ್ತೋ ಕೈ ಮುರಿದಿತ್ತು ಸಾರ್, ಆಮೇಲೆ ಸರಿಹೋಯ್ತು. ಮೊಣಕೈ ಹಿಡಿಯುತ್ತೆ ಅಂತಿದ್ದೆ. ಸುಳ್ಳು. ಇವಳಷ್ಟು ಚೆನ್ನಾಗಿ ನನಗೆ ಬರಲ್ಲ ಅಂತ ಗೊತ್ತಾಗಿತ್ತು, ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಇಷ್ಟು ವರ್ಷ ಎಲ್ಲರ ಮುಂದೆ ನಾನೇ ಓಡಿಸೋದು ಅಂದ್ಕೊಂಡು ಬಂದೆ."

ಇನ್‌ಸ್ಪೆಕ್ಟರು ನಂಬಲಿಲ್ಲ. "ಹತ್ತಿ. ಇಲ್ಲೇ ಮೈದಾನದಲ್ಲಿ, ನಡೆಯೋ ಅಷ್ಟು ನಿಧಾನವಾಗಿ, ನಾನು ಪಕ್ಕದಲ್ಲೇ ಬರ್ತೀನಿ. ಮೊದಲು ನೀವೊಬ್ಬರೇ ಗೇರ್ ಹಾಕಿ ತೋರಿಸಿ" ಎಂದರು. ಭಾವ ಹತ್ತಿದರು. ಕ್ಲಚ್ ಒತ್ತಿ, ಕೋಲು ಹಿಡಿದು ಎಳೆದರು, ತಳ್ಳಿದರು, ಅಲ್ಲಾಡಿಸಿದರು. ವ್ಯಾನು ಮೈದಾನದ ತುಂಬ ಕೇಳುವಂತೆ ಕರಕರ ಎಂದಿತು. ಬೇಕೆಂದೇ ಕೆಡಿಸುತ್ತಿದ್ದಾರೆ ಎನ್ನುವ ಹಾಗಿರಲಿಲ್ಲ. ಅವರ ಕಿವಿಗಳು ಕೆಂಪಾಗಿದ್ದವು. ಮಾಸ್ಟರು ಹಳೇ ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡರು.

"ನೀವೂ ಹತ್ತಿ" ಎಂದರು ಇನ್‌ಸ್ಪೆಕ್ಟರು ಅಕ್ಕನಿಗೆ.

ಅಕ್ಕ ಎಡಗಡೆ ಹತ್ತಿ ಕೂತಳು. ಒಂದು ಮಾತಿಲ್ಲ, ಒಬ್ಬರನ್ನೊಬ್ಬರು ನೋಡಲಿಲ್ಲ. ಭಾವ ಒತ್ತಿದರು, ಅಕ್ಕ ಎಳೆದಳು, ವ್ಯಾನು ಬೆಣ್ಣೆಯ ಮೇಲೆ ಹೊರಟ ಹಾಗೆ ಹೊರಟಿತು. ಒಂದು, ಎರಡು. ಇನ್‌ಸ್ಪೆಕ್ಟರು ಪಕ್ಕದಲ್ಲಿ ನಡೆಯುತ್ತಾ ಒಮ್ಮೆ ಅವರ ಕಾಲು ನೋಡಿದರು, ಒಮ್ಮೆ ಇವಳ ಕೈ ನೋಡಿದರು. ಸುತ್ತು ಮುಗಿಸಿ ನಿಲ್ಲಿಸಿದಾಗ ಭಾವ ತಕ್ಷಣ ಇಳಿಯಲಿಲ್ಲ. ಅವರು ಗಾಡಿ ಓಡಿಸಿದ್ದು ಅದೇ ಕೊನೆ, ಅದು ಅವರಿಗೂ ಗೊತ್ತಿತ್ತು. ನನ್ನ ಕಣ್ಣು ತುಂಬಿತು, ಯಾಕೆ ಮುಚ್ಚಿಡಲಿ.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು ಪಾಸು ಎಂದು ಬರೆದರು. "ಇನ್ನು ಮುಂದೆ ಕೈಯೂ ಕಾಲೂ ಒಬ್ಬರದೇ ಇರಲಿ" ಎಂದರು ಅಕ್ಕನಿಗೆ. ಭಾವನಿಗೆ, "ನಿಮಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರ್ರೀ?" ಎಂದರು. "ಅದು ಮುಗಿದುಹೋಗಿದೆ ಸಾರ್" ಎಂದರು ಭಾವ.

ಲೈಸೆನ್ಸ್ ಕೈಗೆ ಬಂದ ಮರುದಿನ ಅಕ್ಕ ಚಾದರ ತುಂಬಿಕೊಂಡು ಹೊರಟಳು. ಗುಜರಿಯವನಿಗೆ ಬರಬೇಡ ಎಂದು ಹೇಳಿ ಕಳಿಸಿದ್ದಾಗಿತ್ತು. ಭಾವ ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ನಿಂತೇ ಇದ್ದರು. "ಬನ್ರೀ, ಗಂಟು ಇಳಿಸೋಕೆ ಜನ ಬೇಡ್ವಾ?" ಎಂದಳು. ಅವರು ಸುತ್ತು ಹಾಕಿ ಬಂದು ಎಡಗಡೆ ಕೂತರು. ನಾನು ಹಿಂದೆ.

ಬೀದಿಯ ತಿರುವಿನಲ್ಲಿ ಭಾವ, "ಅಯ್ಯೋ!" ಎಂದು ನೆಗೆದರು. "ಏನೋ ಚುಚ್ತಲ್ಲೇ."

"ಸೀಟಿನ ಸ್ಪ್ರಿಂಗು. ಬಾಗಿಲ ಕಡೆ ಸ್ವಲ್ಪ ಸರಿದು ಕೂತ್ಕೊಳ್ಳಿ."

"ಕಾಲು ಬೇರೆ ಸುಡ್ತಿದೆ."

"ಕೆಳಗೆ ಸೈಲೆನ್ಸರ್ ಪೈಪು ಹೋಗುತ್ತೆ. ಪಾದ ಎತ್ತಿ ಇಟ್ಕೊಳ್ಳಿ."

"ಯಾವಾಗಿಂದ ಹೀಗಿದೆ ಇದು?"

"ಮೊದಲಿಂದ್ಲೂ."

"ಮತ್ತೆ ನೀನು ಹೇಳ್ಲೇ ಇಲ್ಲ?"

"ಹೇಳಿದ್ದೆ" ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. "ಎಷ್ಟೋ ಸಲ ಹೇಳಿದ್ದೆ. ಇಂಜಿನ್ ಸದ್ದಲ್ಲಿ ಕೇಳಿಸಲ್ಲ ಅಂತಿದ್ರಿ."

ದೊಡ್ಡ ರಸ್ತೆಗೆ ಬಂದ ಮೇಲೆ ಭಾವ, "ತಪ್ಪಾಯ್ತು ಕಣೇ" ಎಂದರು. ಅಂಥ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ. ಅಕ್ಕ ಆಸ್ಪತ್ರೆಯ ಏರಿಗೆ ಎರಡನೇ ಗೇರು ಹಾಕಿದಳು. ಬಾಗಿಲ ಕಡೆ ಸರಿದರೆ ಗೇರು ಎಟುಕದೆಂದು ಅಕ್ಕ ಇಷ್ಟು ವರ್ಷ ಆ ಸ್ಪ್ರಿಂಗಿನ ಮೇಲೇ ಕೂತಿದ್ದಳು. ಈಗ ಸರಿದು ಕೂರಲು ಬೇಕಾದಷ್ಟು ಜಾಗವಿತ್ತು. ಭಾವ ಸರಿಯಲಿಲ್ಲ.